ಎರಡನೇ ಚಾರ್ಜರ್ ಎಲ್ಲಿದೆ? ಇವಿಯಲ್ಲಿ 760 ಕಿ.ಮೀ. ಹೋಗಿ ಬಂದ ಅನುಭವ

ಚಾರ್ಜರ್ ಮುಂದೆ ನಮ್ಮ ಎಲೆಕ್ಟ್ರಿಕ್ ಕಾರು ನಿಲ್ಲಿಸಿದಾಗ ಬ್ಯಾಟರಿ 11 ಪರ್ಸೆಂಟ್ ತೋರಿಸುತ್ತಿತ್ತು. ಮನೆಯಿಂದ 290 ಕಿ.ಮೀ. ಬಂದಿದ್ದೆವು. ಚಾರ್ಜಿಂಗ್ ಗನ್ (ಕೇಬಲ್ ತುದಿಯ ಪ್ಲಗ್) ತೆಗೆದು ಕಾರಿಗೆ ಹಾಕಿದೆ. ಟಕ್ ಅಂತ ಲಾಕ್ ಬಿತ್ತು. ಪರದೆಯ ಮೇಲೆ ಹಸಿರು ಗೆರೆ ಸುತ್ತತೊಡಗಿತು. ಚಾರ್ಜರ್ ಒಳಗಿನ ಫ್ಯಾನ್ ಒಮ್ಮೆ ಜೋರಾಗಿ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಟಕ್. ಲಾಕ್ ಬಿಚ್ಚಿಕೊಂಡಿತು. ಹಸಿರು ಗೆರೆ ಇದ್ದ ಕಡೆ ಈಗ ಕೆಂಪು ಅಕ್ಷರ. ಇನ್ನೊಂದು ಸಲ ಹಾಕಿದೆ. ಪಕ್ಕದ ಗನ್ ಹಾಕಿ ನೋಡಿದೆ. ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಅಲ್ಲಿಂದಲೇ ಚಾರ್ಜರ್ ರೀಸ್ಟಾರ್ಟ್ ಮಾಡಿದರು. 25 ನಿಮಿಷ ಹೋಯಿತು, ಒಂದು ಯೂನಿಟ್ ಕೂಡ ಒಳಗೆ ಬರಲಿಲ್ಲ.

ಮುಂದಿನ ಚಾರ್ಜರ್ 38 ಕಿ.ಮೀ. ದೂರ. ನನ್ನ ಕಾರಿನ ಬ್ಯಾಟರಿಯಲ್ಲಿ ಬಳಸಲು ಸಿಗುವುದು 60 ಯೂನಿಟ್. ಅದರಲ್ಲಿ 11 ಪರ್ಸೆಂಟ್ ಅಂದರೆ ಆರೂವರೆ ಯೂನಿಟ್. ಅಲ್ಲಿಯವರೆಗೆ ಓಡಿಸಿದ ಹಾಗೇ ಓಡಿಸಿದರೆ 38 ಕಿ.ಮೀ.ಗೆ ಏಳು ಯೂನಿಟ್ ಬೇಕು. ಅಂದರೆ ತಲುಪಲ್ಲ. ಎಸಿ ಆಫ್ ಮಾಡಿ, ಎಡಗಡೆಯ ಲೇನ್ ಹಿಡಿದು, ಗಂಟೆಗೆ 55 ಕಿ.ಮೀ. ವೇಗದಲ್ಲಿ ಹೊರಟೆ. ಹಿಂದಿನ ಸೀಟಿನಿಂದ ಮಗಳು ಒಂದೊಂದೇ ಓದುತ್ತಿದ್ದಳು. "ಅಪ್ಪಾ, ಏಳು." ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಾ, ಐದಾಯ್ತು." ಅಮ್ಮ ಏನೂ ಮಾತಾಡದೆ ಕಿಟಕಿ ಹಿಡಿದು ಕೂತಿದ್ದರು. 3 ಪರ್ಸೆಂಟ್ ಇದ್ದಾಗ ತಲುಪಿದೆವು.

ಇದನ್ನು ಬರೆಯುತ್ತಿರುವುದು ಅದಕ್ಕೇ. ಹೋಗುವಾಗ ಮಾಡಿದ ಪ್ಲಾನಿಗೂ ಬರುವಾಗ ಮಾಡಿದ ಪ್ಲಾನಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಪ್ರಶ್ನೆ. ಹೋಗುವಾಗ ನಾನು ಕೇಳಿಕೊಂಡದ್ದು "ಈ ಚಾರ್ಜರ್ ತನಕ ತಲುಪ್ತೀನಾ?" ಅಂತ. ಕೇಳಬೇಕಿದ್ದದ್ದು "ಇದು ಕೆಟ್ಟಿದ್ದರೆ ಇದರ ನಂತರದ್ದಕ್ಕೆ ತಲುಪ್ತೀನಾ?" ಅಂತ. ನೀವು ಮೊದಲ ಸಲ ಇವಿಯಲ್ಲಿ ದೂರ ಹೊರಟಿದ್ದರೆ ಬೇರೆ ಏನು ಮರೆತರೂ ಪರವಾಗಿಲ್ಲ, ಈ ಎರಡನೇ ಪ್ರಶ್ನೆ ಮರೆಯಬೇಡಿ.

ನಮ್ಮ ದಾರಿ ಹೀಗಿತ್ತು. ಮೊದಲ 700 ಕಿ.ಮೀ. ಬಯಲಿನ ಹೆದ್ದಾರಿ. ಕೊನೆಯ 60 ಕಿ.ಮೀ. ಘಾಟಿ, ಒಟ್ಟು 1400 ಮೀಟರ್ ಏರು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಕಂಪನಿ ಹೇಳುವ ರೇಂಜ್, ಅಂದರೆ ಒಂದು ಪೂರ್ತಿ ಚಾರ್ಜ್‌ಗೆ ಓಡುವ ದೂರ, 480 ಕಿ.ಮೀ.

ಆ 480ನ್ನು ನಂಬಿ ಪ್ಲಾನ್ ಮಾಡಬೇಡಿ. ಅದು ಸುಳ್ಳು ಅಂತಲ್ಲ, ಅದನ್ನು ಅಳೆಯುವ ರೀತಿಯೇ ಬೇರೆ. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯನ್ನೇ ತಗೊಳ್ಳಿ. ಅದರಲ್ಲಿ ಸರಾಸರಿ ವೇಗ ಗಂಟೆಗೆ 46.5 ಕಿ.ಮೀ. ಅಷ್ಟೆ. ಎಸಿ ಹಾಕಿರಲ್ಲ. ಹೆದ್ದಾರಿಯಲ್ಲಿ ಯಾರು ಹಾಗೆ ಓಡಿಸ್ತಾರೆ? ನಿಮ್ಮ ಕಾರಿನ ನಿಜವಾದ ಲೆಕ್ಕ ಬೇಕಿದ್ದರೆ, ಪ್ರವಾಸಕ್ಕೆ ಒಂದು ವಾರ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಹೆದ್ದಾರಿಯಲ್ಲಿ 50 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಎಷ್ಟು ಯೂನಿಟ್ ಖರ್ಚಾಯಿತು ಅಂತ ಕಾರೇ ತೋರಿಸುತ್ತದೆ. ಆ 100 ಕಿ.ಮೀ.ಯ ಅಂಕಿ ಒಂದು ಕೈಯಲ್ಲಿದ್ದರೆ ಉಳಿದದ್ದೆಲ್ಲ ಬರೀ ಕೂಡುವ ಕಳೆಯುವ ಲೆಕ್ಕ. ಹೋಗಿ ಬರಬೇಕು ಅಂದದ್ದು ಯಾಕೆಂದರೆ, ಎದುರು ಗಾಳಿ, ಸಣ್ಣ ಏರು ಇದ್ದರೆ ಎರಡೂ ಕಡೆ ಸೇರಿ ಸರಿಹೋಗುತ್ತದೆ.

ನನ್ನ ಕಾರು ಗಂಟೆಗೆ 110ರಲ್ಲಿ 100 ಕಿ.ಮೀ.ಗೆ 18.5 ಯೂನಿಟ್ ತಿಂದಿತು. ಬರುವಾಗ 95ರಲ್ಲಿ ಓಡಿಸಿದೆ, 16 ಯೂನಿಟ್ ಸಾಕಾಯಿತು. ವೇಗ ಸ್ವಲ್ಪ ಹೆಚ್ಚಿದರೂ ಗಾಳಿಯ ತಡೆ ಜಾಸ್ತಿಯೇ ಹೆಚ್ಚುತ್ತದೆ. ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. 95ರಿಂದ 110ಕ್ಕೆ ಹೋದರೂ ಗಾಳಿಯ ತಡೆ ಮೂರನೇ ಒಂದು ಪಾಲು ಏರುತ್ತದೆ. ಪೆಟ್ರೋಲ್ ಕಾರಿನಲ್ಲೂ ಇದೇ ನಡೆಯುತ್ತದೆ, ಆದರೆ ಬಂಕ್ ಎಲ್ಲೆಂದರಲ್ಲಿ ಸಿಗುವುದರಿಂದ ನಾವು ಗಮನಿಸುವುದಿಲ್ಲ. 300 ಕಿ.ಮೀ.ಗೆ 95ರಲ್ಲಿ ಹೋದರೆ 25 ನಿಮಿಷ ತಡ. ಆದರೆ ಚಾರ್ಜಿಂಗ್‌ನಲ್ಲಿ ಏಳೂವರೆ ಯೂನಿಟ್ ಉಳಿತಾಯ. ಒಟ್ಟು ಸಮಯ ಸ್ವಲ್ಪ ಜಾಸ್ತಿ ಆಗಬಹುದು, ಆದರೆ ಕೈಯಲ್ಲಿ 12 ಪರ್ಸೆಂಟ್ ಜಾಸ್ತಿ ಉಳಿಯುತ್ತದೆ. ಆ ದಿನ ಆ 12 ಪರ್ಸೆಂಟ್ ಇದ್ದಿದ್ದರೆ ಅಮ್ಮ ಕಿಟಕಿ ಹಿಡಿದು ಕೂರಬೇಕಿರಲಿಲ್ಲ.

ಹವಾಮಾನವನ್ನೂ ಲೆಕ್ಕಕ್ಕೆ ತಗೊಳ್ಳಿ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2019ರಲ್ಲಿ ಐದು ಇವಿಗಳನ್ನು ಪರೀಕ್ಷಿಸಿತ್ತು. ಮೈನಸ್ 7 ಡಿಗ್ರಿಯ ಹತ್ತಿರದ ಚಳಿಯಲ್ಲಿ ಹೀಟರ್ ಹಾಕಿದಾಗ ರೇಂಜ್ ಸರಾಸರಿ 41 ಪರ್ಸೆಂಟ್ ಇಳಿದಿತ್ತು. 35 ಡಿಗ್ರಿ ಸೆಕೆಯಲ್ಲಿ ಎಸಿ ಹಾಕಿದಾಗ 17 ಪರ್ಸೆಂಟ್. ಚಳಿಯ ಕಡೆ ಹೋಗುವವರು ಎರಡು ಚಾರ್ಜಿಂಗ್ ನಿಲ್ದಾಣಗಳ ನಡುವಿನ ದೂರವನ್ನು ಧಾರಾಳವಾಗಿ ಕಡಿಮೆ ಮಾಡಿಕೊಳ್ಳಬೇಕು. ಚಳಿಗೆ ಬ್ಯಾಟರಿ ತಣ್ಣಗಾಗಿದ್ದರೆ ಚಾರ್ಜ್ ಕೂಡ ನಿಧಾನ. ಕೆಲವು ಕಾರುಗಳಲ್ಲಿ ಚಾರ್ಜರನ್ನೇ ನ್ಯಾವಿಗೇಷನ್‌ನಲ್ಲಿ ಗುರಿಯಾಗಿ ಹಾಕಿದರೆ, ತಲುಪುವಷ್ಟರಲ್ಲಿ ಕಾರೇ ಬ್ಯಾಟರಿ ಬೆಚ್ಚಗೆ ಮಾಡಿಟ್ಟುಕೊಳ್ಳುತ್ತದೆ. ನಿಮ್ಮ ಕಾರಿನಲ್ಲಿ ಇದಿದೆಯಾ ಅಂತ ನೋಡಿಕೊಳ್ಳಿ.

ಈಗ ಆ 3 ಪರ್ಸೆಂಟ್‌ನಲ್ಲಿ ತಲುಪಿದ ಜಾಗಕ್ಕೆ ವಾಪಸ್ ಬರುತ್ತೇನೆ. ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಹೆದರಿಕೆಗೆ 95 ಪರ್ಸೆಂಟ್ ತನಕ ತುಂಬಿಸಿದೆ. ಅದು 60 ಕಿಲೋವ್ಯಾಟ್ ಚಾರ್ಜರ್. ಪರದೆ ನೋಡುತ್ತಾ ನಿಂತಿದ್ದೆ. 50 ಪರ್ಸೆಂಟ್ ಇದ್ದಾಗ 56 ಕಿಲೋವ್ಯಾಟ್ ಬರುತ್ತಿತ್ತು. 80 ದಾಟಿದ ಮೇಲೆ 34. 92ರಲ್ಲಿ ಬರೀ 14. ಮೂರರಿಂದ 80ಕ್ಕೆ 55 ನಿಮಿಷ ಹಿಡಿದರೆ, ಕೊನೆಯ 15 ಪರ್ಸೆಂಟ್‌ಗೇ 27 ನಿಮಿಷ! ಚೀಲಕ್ಕೆ ಅಕ್ಕಿ ತುಂಬಿದ ಹಾಗೆ ಇದು: ಖಾಲಿ ಇದ್ದಾಗ ಸುರಿಯಬಹುದು, ತುಂಬುತ್ತಾ ಬಂದ ಹಾಗೆ ಹಿಡಿ ಹಿಡಿಯಾಗಿ ಹಾಕಬೇಕು. ಬ್ಯಾಟರಿಗೆ ಹಾನಿ ಆಗಬಾರದು ಅಂತ ಕಾರೇ ಕರೆಂಟ್ ತಗ್ಗಿಸುತ್ತದೆ, ಅದು ಚಾರ್ಜರ್ ದೋಷ ಅಲ್ಲ. ಹಾಗಾಗಿ ಫಾಸ್ಟ್ ಚಾರ್ಜರ್‌ನಲ್ಲಿ 70, 75ಕ್ಕೆ ಬಿಟ್ಟು ಹೊರಡಿ. ಒಂದು ಉದ್ದದ ನಿಲುಗಡೆಗಿಂತ ಎರಡು ಚಿಕ್ಕ ನಿಲುಗಡೆ ಬೇಗ ಮುಗಿಯುತ್ತದೆ. ಹೇಗಿದ್ದರೂ ಮಕ್ಕಳಿಗೆ, ವಯಸ್ಸಾದವರಿಗೆ ಎರಡೂವರೆ ಗಂಟೆಗೊಮ್ಮೆ ಇಳಿಯಲೇಬೇಕಲ್ವಾ? ಮುಂದಿನ ಚಾರ್ಜರ್ ತುಂಬಾ ದೂರ ಇದ್ದಾಗ ಮಾತ್ರ ಪೂರ್ತಿ ತುಂಬಿಸಿ. ಮನೆಯಿಂದ ಹೊರಡುವಾಗ ಮಾತ್ರ ರಾತ್ರಿಯೇ 100 ಮಾಡಿಟ್ಟುಕೊಳ್ಳಿ. ಅದರಲ್ಲೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುವವರು. ಆ ಬ್ಯಾಟರಿಯ ವೋಲ್ಟೇಜ್ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಆಗಾಗ 100 ತನಕ ತುಂಬಿಸದಿದ್ದರೆ ಪರ್ಸೆಂಟ್ ಲೆಕ್ಕವೇ ತಪ್ಪಬಹುದು.

ಚಾರ್ಜರ್ ಮೇಲೆ ಬರೆದ ಕಿಲೋವ್ಯಾಟ್ ಪೂರ್ತಿ ನಿಮಗೇ ಸಿಗುತ್ತದೆ ಅಂತಲೂ ಅಂದುಕೊಳ್ಳಬೇಡಿ. 50 ಕಿಲೋವ್ಯಾಟ್ ಅಂತ ಬೋರ್ಡ್ ಇರುವ ಎಷ್ಟೋ ಚಾರ್ಜರ್‌ಗಳ ಮಿತಿ 125 ಆಂಪ್. ನಿಮ್ಮ ಬ್ಯಾಟರಿ 350 ವೋಲ್ಟ್‌ನದಾದರೆ ಗುಣಿಸಿ ನೋಡಿ, 44 ಕಿಲೋವ್ಯಾಟ್ ಹತ್ತಿರ ಬರುತ್ತದೆ. ಎರಡು ಗನ್ ಇದ್ದು ಎರಡರಲ್ಲೂ ಕಾರು ಇದ್ದರೆ ಎಷ್ಟೋ ಕಡೆ ಪವರ್ ಅರ್ಧರ್ಧ ಹಂಚಿಹೋಗುತ್ತದೆ. ಕಾರಿಗೂ ಅದರದೇ ಮಿತಿ ಇದೆ. 70 ಕಿಲೋವ್ಯಾಟ್ ತಗೊಳ್ಳುವ ಕಾರನ್ನು 150ರ ಚಾರ್ಜರ್‌ಗೆ ಹಾಕಿದರೂ 70ಕ್ಕಿಂತ ಜಾಸ್ತಿ ಬರುವುದಿಲ್ಲ. ಪ್ಲಾನ್ ಮಾಡುವಾಗ ನಾನು ಬೋರ್ಡಿನ ಅಂಕಿಯ ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ಪ್ಲಾನ್ ಮಾಡಲು ಎ ಬೆಟರ್ ರೂಟ್‌ಪ್ಲಾನರ್ ಆಪ್ ಚೆನ್ನಾಗಿದೆ. ಕಾರಿನ ಮಾಡೆಲ್, ಹೊರಡುವಾಗಿನ ಪರ್ಸೆಂಟ್, ತಲುಪುವಾಗ ಕನಿಷ್ಠ ಎಷ್ಟು ಉಳಿಯಬೇಕು, ಎಲ್ಲ ಕೊಡಬಹುದು. ಆ ಕನಿಷ್ಠವನ್ನು 20ಕ್ಕೆ ಇಡಿ. ನಿಮ್ಮ 100 ಕಿ.ಮೀ. ಪರೀಕ್ಷೆಯ ಅಂಕಿಯನ್ನೂ ಅಲ್ಲೇ ಹಾಕಿ. ಆದರೆ ಚಾರ್ಜರ್ ಇವತ್ತು ಕೆಲಸ ಮಾಡ್ತಿದೆಯಾ ಅನ್ನುವುದನ್ನು ಪ್ಲಗ್‌ಶೇರ್‌ನಂಥ ಆಪ್‌ನಲ್ಲಿ ಜನ ಬರೆದಿರುವುದನ್ನು ಓದಿಯೇ ತಿಳಿಯಬೇಕು. ಸ್ಟಾರ್ ನೋಡಬೇಡಿ, ತಾರೀಖು ನೋಡಿ. ಕಳೆದ ಎರಡು ಮೂರು ದಿನದಲ್ಲಿ ಯಾರಾದರೂ ಚಾರ್ಜ್ ಮಾಡಿದ್ದಾರಾ? ನನ್ನನ್ನು ನಿಲ್ಲಿಸಿದ ಆ ಚಾರ್ಜರ್ ಬಗ್ಗೆ ಆರು ದಿನ ಮೊದಲೇ ಒಬ್ಬರು ಬರೆದಿದ್ದರು: ಶುರುವಾಗಿ ನಿಂತುಹೋಗುತ್ತೆ, ಎರಡೂ ಗನ್ ಅಷ್ಟೇ. ನಾನದನ್ನು ಓದಿದ್ದು ಅಲ್ಲಿ ನಿಂತ ಮೇಲೆ.

ಇನ್ನೊಂದು ವಿಷಯ. ಒಂದೇ ಒಂದು ಚಾರ್ಜರ್ ಇರುವ ಜಾಗಕ್ಕಿಂತ ನಾಲ್ಕು ಇರುವ ಜಾಗಕ್ಕೆ ಹೆದ್ದಾರಿ ಬಿಟ್ಟು ಹತ್ತು ಕಿ.ಮೀ. ಒಳಗೆ ಹೋಗಬೇಕಿದ್ದರೂ ಅದನ್ನೇ ಆರಿಸಿ. ಫಿಲ್ಟರ್‌ನಲ್ಲಿ ನಿಮ್ಮ ಗನ್ ಸರಿಯಾಗಿ ಆರಿಸಿದ್ದೀರಾ ಅಂತ ಎರಡು ಸಲ ನೋಡಿ. ಸಿಸಿಎಸ್2 (ಫಾಸ್ಟ್ ಚಾರ್ಜಿಂಗ್ ಗನ್‌ನ ಒಂದು ಬಗೆ) ಕಾರಿನವರು ಟೈಪ್ 2 ಅನ್ನುವ ಸ್ಲೋ ಚಾರ್ಜರನ್ನೂ ಫಾಸ್ಟ್ ಅಂದುಕೊಂಡು ಹೋಗುವುದುಂಟು. ದಾರಿಯಲ್ಲಿ ಬರುವ ಎಲ್ಲ ಕಂಪನಿಗಳ ಆಪ್‌ಗಳನ್ನೂ ಮನೆಯ ವೈಫೈನಲ್ಲೇ ಹಾಕಿಕೊಂಡು, ಲಾಗಿನ್ ಮಾಡಿ, ವ್ಯಾಲೆಟ್‌ಗೆ ಹಣ ತುಂಬಿಸಿಡಿ. ನೆಟ್‌ವರ್ಕ್ ಒಂದು ಕಡ್ಡಿ ಇರುವ ಜಾಗದಲ್ಲಿ ಓಟಿಪಿಗೆ ಕಾಯುವ ಕಷ್ಟ ಬೇಡ. ಕಾರ್ಡ್ ಕೊಡುವ ಕಂಪನಿಗಳಿದ್ದರೆ ಅದನ್ನೂ ಇಟ್ಟುಕೊಳ್ಳಿ.

ಘಾಟಿಯ ಲೆಕ್ಕವನ್ನು ಬೇರೆಯೇ ಮಾಡಬೇಕು. ಜನ, ಸಾಮಾನು ಸೇರಿ ನಮ್ಮ ಕಾರು ಸುಮಾರು 2000 ಕಿಲೋ. ಅಷ್ಟು ಭಾರವನ್ನು 1000 ಮೀಟರ್ ಮೇಲೆತ್ತಲು ಸುಮಾರು ಐದೂವರೆ ಯೂನಿಟ್ ಬೇಕೇ ಬೇಕು. ಇದು ದೂರದ ಖರ್ಚಿನ ಮೇಲೆ ಜಾಸ್ತಿ. ಆ 60 ಕಿ.ಮೀ. ಏರಲು ನಮಗೆ 26 ಪರ್ಸೆಂಟ್ ಹೋಯಿತು. ಅದೇ ಇಳಿಯುವಾಗ ಬರೀ 2 ಪರ್ಸೆಂಟ್! ರೀಜೆನ್ (ವೇಗ ಇಳಿಯುವಾಗ ಬ್ಯಾಟರಿಗೆ ಚಾರ್ಜ್ ವಾಪಸ್ ತುಂಬುವ ವ್ಯವಸ್ಥೆ) ಜಾಸ್ತಿಗೆ ಇಟ್ಟಿದ್ದೆ. ತಿರುವಿನ ಮುಂಚೆ ಪೆಡಲ್‌ನಿಂದ ಕಾಲು ತೆಗೆದರೆ ಸಾಕು, ಕಾರು ತಾನೇ ವೇಗ ಇಳಿಸಿಕೊಂಡು ಬ್ಯಾಟರಿ ತುಂಬಿಸುತ್ತಿತ್ತು. ಆದರೆ ಬೆಟ್ಟದ ಮೇಲಿಂದ 100 ಪರ್ಸೆಂಟ್ ತುಂಬಿಸಿಕೊಂಡು ಇಳಿಯಬೇಡಿ. ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ರೀಜೆನ್ ಕೆಲಸ ಮಾಡುವುದಿಲ್ಲ, ಇಡೀ ಇಳಿಜಾರಿನ ಭಾರ ಬ್ರೇಕ್ ಮೇಲೆ ಬೀಳುತ್ತದೆ. ನಾವು 80ಕ್ಕೆ ನಿಲ್ಲಿಸಿ ಇಳಿದೆವು.

ಉಳಿಯುವ ಜಾಗದಲ್ಲಿ ಚಾರ್ಜಿಂಗ್ ಇದ್ದರೆ ಅರ್ಧ ಚಿಂತೆ ಮುಗಿದ ಹಾಗೆ. 7.4 ಕಿಲೋವ್ಯಾಟ್‌ನ ಸ್ಲೋ ಚಾರ್ಜರ್ ಒಂದು ರಾತ್ರಿಗೆ 50 ಯೂನಿಟ್ ಕೊಡಬಲ್ಲದು. ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಚಾರ್ಜರ್ ಈಗ ಕೆಲಸ ಮಾಡ್ತಿದೆಯಾ, ಕೇಬಲ್ ಅಲ್ಲೇ ಇದೆಯಾ ನಾವು ತರಬೇಕಾ, ರಾತ್ರಿ ಅದರ ಮುಂದೆ ಬೇರೆ ಕಾರು ನಿಲ್ಲದ ಹಾಗೆ ನೋಡಿಕೊಳ್ತೀರಾ. ಮೂರನೆಯದನ್ನು ಬಹಳ ಜನ ಕೇಳುವುದಿಲ್ಲ.

ಬರುವಾಗ ಪ್ರತಿ ನಿಲುಗಡೆಗೂ ಒಂದು ಚೀಟಿ ಬರೆದೆ. ಮೊದಲ ಚಾರ್ಜರ್, ಅದು ಕೆಟ್ಟರೆ ಹೋಗುವ ಎರಡನೆಯದು, ಎರಡರ ನಡುವಿನ ದೂರ, ಮೊದಲನೆಯದಕ್ಕೆ ಎಷ್ಟು ಪರ್ಸೆಂಟ್‌ನಲ್ಲಿ ತಲುಪಬೇಕು. ನಾಲ್ಕೇ ಅಂಕಣ. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದೆ. ದಾರಿಯಲ್ಲಿ 50 ಕಿ.ಮೀ.ಗೊಮ್ಮೆ ಪಕ್ಕದಲ್ಲಿ ಕೂತ ಹೆಂಡತಿ ಚೀಟಿಗೂ ಪರದೆಗೂ ತಾಳೆ ನೋಡುತ್ತಿದ್ದಳು. ಹಿಂದೆ ಬಿದ್ದರೆ ಆಗಲೇ ವೇಗ ಹತ್ತು ಇಳಿಸುತ್ತಿದ್ದೆ. ಬೇಗ ಗೊತ್ತಾದರೆ ಸಣ್ಣ ತಿದ್ದುಪಡಿಯಲ್ಲೇ ಮುಗಿಯುತ್ತದೆ.

22, 29, 27 ಪರ್ಸೆಂಟ್‌ನಲ್ಲಿ ಮೂರು ಕಡೆ ತಲುಪಿದೆವು. ಪ್ರತಿ ಕಡೆ ಅರ್ಧ ಗಂಟೆ, ಒಟ್ಟು ಒಂದೂವರೆ ಗಂಟೆ. ಹೋಗುವಾಗ ಚಾರ್ಜಿಂಗ್‌ಗೇ ಎರಡು ಗಂಟೆ ದಾಟಿತ್ತು. ಇಳಿಜಾರಿನ ಲಾಭವೂ ಅದರಲ್ಲಿ ಸೇರಿದೆ ನಿಜ, ಆದರೆ 80ರ ಮೇಲೆ ಒಂದು ಸಲವೂ ಕಾಯದಿದ್ದದ್ದು ದೊಡ್ಡ ಕಾರಣ. ಮನೆ ಸೇರಿದಾಗ ಇನ್ನೂ 30 ಪರ್ಸೆಂಟ್ ಇತ್ತು.

ಎರಡು ಸಣ್ಣ ವಿಷಯ ಹೇಳದೆ ಬಿಡಬಾರದು. ಅಕಸ್ಮಾತ್ ದಾರಿಯಲ್ಲಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ, ಮೋಟಾರಿಗೆ ಪೆಟ್ಟು ಬೀಳಬಹುದು. ನಾಲ್ಕೂ ಚಕ್ರ ಮೇಲಿರುವ ಹಾಗೆ ಲಾರಿ ಮೇಲೆ ಹೇರಿಸಿಕೊಂಡೇ ಹೋಗಬೇಕು. ಮತ್ತೆ, ಗನ್ ಪೋರ್ಟ್‌ನಲ್ಲೇ ಸಿಕ್ಕಿಹಾಕಿಕೊಂಡರೆ ಬಿಡಿಸಲು ಬಹಳಷ್ಟು ಕಾರುಗಳಲ್ಲಿ ಒಂದು ಎಳೆಯುವ ದಾರ ಇರುತ್ತದೆ, ಡಿಕ್ಕಿಯಲ್ಲೋ ಬಾನೆಟ್ ಕೆಳಗೋ. ನಿಮ್ಮದು ಎಲ್ಲಿದೆ ಅಂತ ಹೊರಡುವ ಮೊದಲೇ ಹುಡುಕಿಟ್ಟುಕೊಳ್ಳಿ.

ವಾಪಸ್ ಬರುವಾಗ ಆ ಕೆಟ್ಟ ಚಾರ್ಜರ್ ದಾರಿಯಲ್ಲೇ ಸಿಕ್ಕಿತು. ಚೀಟಿಯಲ್ಲಿ ಅದಿರಲಿಲ್ಲ, ಆದರೂ ಎರಡು ನಿಮಿಷ ನಿಲ್ಲಿಸಿ ಗನ್ ಹಾಕಿ ನೋಡಿದೆ. ಅದೇ ಹಸಿರು ಗೆರೆ, ಅದೇ ಟಕ್. ಮಗಳು ಫೋನ್ ತಗೊಂಡು ಆಪ್‌ನಲ್ಲಿ ಬರೆದಳು, ನಾನು ಹೇಳುತ್ತಾ ಹೋದೆ: ಎರಡೂ ಗನ್ ಕೆಲಸ ಮಾಡುತ್ತಿಲ್ಲ, ಇವತ್ತು ಮಧ್ಯಾಹ್ನ ನೋಡಿದ್ದು, ಮುಂದಿನ ಚಾರ್ಜರ್ 38 ಕಿ.ಮೀ. ದೂರ, ಅಲ್ಲಿ ಸರಿಯಾಗಿದೆ.