ರೇಸಿಗೆ ಕಾರು ಕೊಳ್ಳುವ ಮೊದಲು ಕಾರ್ಪೆಟ್ ಎತ್ತಿ ನೋಡಿ

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿಯವರೆಗೆ, ನಾನು ಹನ್ನೊಂದು ಹಳೆಯ ಕಾರುಗಳ ಅಡಿಯಲ್ಲಿ ಮಲಗಿ ಎದ್ದಿದ್ದೇನೆ. ಅವುಗಳಲ್ಲಿ ಏಳು ಮಂಗಳೂರು ಮತ್ತು ಉಡುಪಿಯವು, ಉಳಿದ ನಾಲ್ಕು ಘಟ್ಟದ ಮೇಲಿನವು. ವರ್ಷಕ್ಕೆ ಮೂರು ನಾಲ್ಕು ಬಾರಿ ಟ್ರ್ಯಾಕಿಗೆ ಒಯ್ದು ಹವ್ಯಾಸಿಗಳ ಸ್ಪರ್ಧೆಯಲ್ಲಿ ಓಡಿಸುವುದಕ್ಕೆ ಸರಿಹೊಂದುವ, ನನ್ನ ಕೈಯಳತೆಯ ಖರ್ಚಿನಲ್ಲಿ ಮಾರ್ಪಡಿಸಬಹುದಾದ ಒಂದು ಕಾರು ನನಗೆ ಬೇಕಾಗಿತ್ತು. ನಮ್ಮ ಊರಿನ ಹುಡುಗರು ಈ ವಿಷಯ ಬಂದಾಗಲೆಲ್ಲ ಯಾವ ಎಂಜಿನ್‌ನಿಂದ ಎಷ್ಟು ಬಿಎಚ್‌ಪಿ (ಎಂಜಿನ್ನಿನ ಶಕ್ತಿಯ ಅಳತೆ) ತೆಗೆಯಬಹುದು ಎಂದೇ ಮಾತು ಆರಂಭಿಸುತ್ತಾರೆ. ಕರಾವಳಿಯಲ್ಲಿ ಬದುಕುವವರು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಮೊದಲು ಕಾರಿನ ಬಾಡಿಯನ್ನು ಪರೀಕ್ಷಿಸಬೇಕು ಎಂಬುದು ಹಣ ಮತ್ತು ಸಮಯ ಎರಡನ್ನೂ ಕಳೆದುಕೊಂಡ ಮೇಲೆ ನನಗೆ ಮನದಟ್ಟಾದ ವಿಚಾರ.

ಐದು ವರ್ಷಗಳ ಹಿಂದೆ ನಾನು ಉಡುಪಿಯ ಕಡೆಯಿಂದ ಒಂದು ಹ್ಯಾಚ್‌ಬ್ಯಾಕ್ ಕೊಂಡಿದ್ದೆ. ಎಂಜಿನ್ ಗಡಿಯಾರದಂತೆ ಓಡುತ್ತಿತ್ತು, ಬಣ್ಣ ಹೊಳೆಯುತ್ತಿತ್ತು, ಅಡಿಗೆ ಹೊಸದಾಗಿ ತುಕ್ಕು ತಡೆಯುವ ಕಪ್ಪು ಅಂಡರ್ ಕೋಟಿಂಗ್ ಬಳಿದಿತ್ತು. ಆ ಕೋಟಿಂಗ್ ಏಕೆ ಹೊಸದು ಎಂದು ನಾನು ಕೇಳಲಿಲ್ಲ. ಬಿ.ಸಿ. ರೋಡಿನ ಗ್ಯಾರೇಜಿನಲ್ಲಿ ಸೀಟುಗಳನ್ನು ಬಿಚ್ಚಿ, ಕಾರ್ಪೆಟ್ ತೆಗೆದು, ರೋಲ್ ಕೇಜಿನ, ಅಂದರೆ ಚಾಲಕನ ಸುತ್ತ ಕೂರಿಸುವ ಉಕ್ಕಿನ ಕೊಳವೆಗಳ ಪಂಜರದ, ಕಾಲು ಕೂರಿಸುವ ಜಾಗವನ್ನು ತಂತಿಯ ಬ್ರಷ್‌ನಿಂದ ಉಜ್ಜಿದಾಗ, ಚಾಲಕನ ಸೀಟಿನ ಅಡಿಯ ತಗಡು ಅಂಗೈಯಗಲ ಉದುರಿ ನೆಲಕ್ಕೆ ಬಿತ್ತು. ಮೂವತ್ತು ವರ್ಷಗಳಿಂದ ಟಿಂಕರಿಂಗ್ ಮಾಡುತ್ತಿರುವ ಅಲ್ಲಿನ ಹಿರಿಯರು ಅದನ್ನು ನೋಡಿ, "ಎಂಜಿನ್ ಬೇಕಾದರೆ ನಾಳೆಯೇ ಗುಜರಿಯಿಂದ ತರಬಹುದು ಮಾರಾಯ್ರೆ, ಬಾಡಿ ಎಲ್ಲಿಂದ ತರ್ತೀರಿ?" ಎಂದರು. ಎಂಟು ತಿಂಗಳು ತಗಡು ಕತ್ತರಿಸಿ ಬೆಸುಗೆ ಹಾಕಿಸಿದ ನಂತರವೂ ಆ ಕಾರಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅದನ್ನು ಬಿಡಿಭಾಗಗಳಾಗಿ ಮಾರಿಬಿಟ್ಟೆ.

ತುಕ್ಕು ಯಾವ ಹಳೆಯ ಕಾರಿಗೂ ಕೆಟ್ಟದ್ದೇ, ಆದರೆ ರೇಸ್ ಕಾರಿನಲ್ಲಿ ಅದರ ಅರ್ಥ ಬೇರೆ. ಕಾರು ಮಗುಚಿದಾಗ ಚಾಲಕನ ಜೀವ ಉಳಿಸುವುದು ರೋಲ್ ಕೇಜ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ಮುಖ್ಯ ಕಮಾನು 45 ಮಿ.ಮೀ. ವ್ಯಾಸದ 2.5 ಮಿ.ಮೀ. ದಪ್ಪದ, ಇಲ್ಲವೇ 50 ಮಿ.ಮೀ. ವ್ಯಾಸದ 2 ಮಿ.ಮೀ. ದಪ್ಪದ, ಸೀಳುಬೆಸುಗೆಯಿಲ್ಲದ ಉಕ್ಕಿನ ಕೊಳವೆಯದಾಗಿರಬೇಕು. ಆ ಕಮಾನಿನ ಪ್ರತಿಯೊಂದು ಕಾಲಿನ ಅಡಿಯಲ್ಲೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಬಲವರ್ಧಕ ಪಟ್ಟಿಯಿರಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಕೇಜ್ ಕೊನೆಗೆ ನಿಲ್ಲುವುದು ಕಾರಿನ ತಳದ ತೆಳು ತಗಡಿನ ಮೇಲೆಯೇ. ಆ ತಗಡು ತಿಂದುಹೋಗಿದ್ದರೆ ಅಪಘಾತದ ಕ್ಷಣದಲ್ಲಿ ಕೇಜಿನ ಕಾಲು ತಳವನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗವೂ ಹೀಗೆಯೇ. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಅದರ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ, ಅಲ್ಲಿನ ತಗಡು ಸೋತರೆ ಚಕ್ರದ ಕೋನವೇ ಬದಲಾಗುತ್ತದೆ. ಬಳಿಕ ಎಷ್ಟು ಬಾರಿ ಅಲೈನ್‌ಮೆಂಟ್ ಮಾಡಿಸಿದರೂ ಕಾರು ಒಂದೇ ರೀತಿ ತಿರುಗುವುದಿಲ್ಲ.

ನಮ್ಮ ಕಡೆಯ ಕಾರುಗಳಿಗೆ ಈ ಗತಿ ಬೇಗ ಬರುವುದಕ್ಕೆ ಕಾರಣ ಸರಳವಾಗಿದೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ ಒಂದೆಡೆಯಾದರೆ, ಮಳೆ ನಿಂತ ಮೇಲೂ ಗಾಳಿಯಲ್ಲಿರುವ ಉಪ್ಪಿನ ಅಂಶ ತಗಡಿನ ಮೇಲೆ ಕೂತು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹರಿದುಹೋಗಲು ಬಿಟ್ಟಿರುವ ತೂತುಗಳು ಕೆಂಪು ಮಣ್ಣಿನಿಂದ ಮುಚ್ಚಿಕೊಳ್ಳುತ್ತವೆ. ಒಳಗೆ ನಿಂತ ನೀರು ಒಳಗಿನಿಂದಲೇ ತಿನ್ನುತ್ತಾ ಬರುವುದರಿಂದ ಹೊರಗೆ ಬಣ್ಣ ಉಬ್ಬಿ ಕಾಣಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಈ ಬಾರಿ ಮಲ್ಪೆಯ ಹತ್ತಿರ ನೋಡಿದ ಒಂದು ಬಿಳಿ ಕಾರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪರೀಕ್ಷಿಸುವ ಕ್ರಮ ಅದರಿಂದ ತಿಳಿಯುತ್ತದೆ. ಮಾಲೀಕರು ಸಜ್ಜನರು, ಅವರಿಗೂ ಕಾರಿನ ನಿಜಸ್ಥಿತಿ ಗೊತ್ತಿರಲಿಲ್ಲ. ನಾನು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಸರಿಸಿಕೊಂಡು ಹೋದೆ. ಹಿಂದಿನ ಚಕ್ರದ ಮುಂದೆ ಒಂದು ಗೇಣಿನಷ್ಟು ಜಾಗದಲ್ಲಿ ಅದು ಹಿಡಿಯದೆ ಕೈಗೆ ಜಾರಿತು, ಎಂದರೆ ಅಲ್ಲಿದ್ದದ್ದು ಬಣ್ಣ ಬಳಿದ ಪುಟ್ಟಿ. ಬಳಿಕ ಮುಂದಿನ ಕಾರ್ಪೆಟ್ಟಿನ ಮೂಲೆ ಎತ್ತಿ ಅದರಡಿಯ ಹತ್ತಿಯ ಹಾಸನ್ನು ಹೆಬ್ಬೆರಳಿನಿಂದ ಒತ್ತಿದೆ. ಮಳೆ ನಿಂತು ಎರಡು ತಿಂಗಳಾಗಿದ್ದರೂ ಕಂದು ಬಣ್ಣದ ನೀರು ಒಸರಿತು, ಒಣಗದ ಗೋಣಿಚೀಲದ ವಾಸನೆ ಬಂತು. ಕೊನೆಗೆ ಅವರ ಅನುಮತಿ ಕೇಳಿ, ಜಾಕ್ ಕೊಡುವ ಜಾಗದ ಪಕ್ಕ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಗಟ್ಟಿ ತಗಡು 'ಟಣ್' ಎನ್ನುತ್ತದೆ. ಅಲ್ಲಿ ಹಪ್ಪಳ ಮುರಿದ ಸದ್ದು ಕೇಳಿಸಿತು. ಹತ್ತು ನಿಮಿಷದಲ್ಲಿ ಮುಗಿದ ಈ ಪರೀಕ್ಷೆಯನ್ನು ಹಿಂದೆ ಮಾಡಿದ್ದರೆ ನನ್ನ ಎಂಟು ತಿಂಗಳು ಉಳಿಯುತ್ತಿತ್ತು.

ಇನ್ನು ಮಾದರಿಯ ವಿಚಾರ. ಹಗುರ ತೂಕ, ಬಿಡಿಭಾಗಗಳ ಲಭ್ಯತೆ ಮತ್ತು ಆ ಕಾರಿನ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವವಿರುವ ಮೆಕ್ಯಾನಿಕ್ ಹತ್ತಿರದಲ್ಲಿರುವುದು, ಈ ಮೂರರ ಮೇಲೆ ನಾನು ತೂಗಿ ನೋಡಿದೆ. ಮಾರುತಿ ಎಸ್ಟೀಮ್ ಈ ಮೂರರಲ್ಲೂ ಗೆಲ್ಲುತ್ತದೆ. 16 ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಬಂದ ನಂತರದ ಎಸ್ಟೀಮಿನಲ್ಲಿ 1.3 ಲೀಟರಿನಿಂದ 85 ಬಿಎಚ್‌ಪಿ ಸಿಗುತ್ತದೆ, ತೂಕ 900 ಕಿಲೋಗಿಂತ ಕಡಿಮೆ, ಹಿಂದಿನ ಎರಡು ಚಕ್ರಗಳಿಗೂ ಪ್ರತ್ಯೇಕ ಸಸ್ಪೆನ್ಷನ್ ಇದೆ. 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನಲ್ಲೂ ಜಿಪ್ಸಿಯಲ್ಲೂ ಇದೇ ವಂಶದ ಎಂಜಿನ್ ಇರುವುದರಿಂದ ಬಿಡಿಭಾಗಗಳಿಗೆ ಅಲೆಯಬೇಕಾಗಿಲ್ಲ. ಇದರ ಕೊರತೆಯೆಂದರೆ 13 ಇಂಚಿನ ಚಕ್ರ. ಅದರೊಳಗೆ ದೊಡ್ಡ ಬ್ರೇಕ್ ಡಿಸ್ಕ್ ಹಿಡಿಸುವುದಿಲ್ಲ, ಒಳ್ಳೆಯ ಟೈರುಗಳ ಆಯ್ಕೆಯೂ ಕಡಿಮೆ. ಎಂಜಿನ್ನಿನ ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೆಂದು ತಿಳಿಯದಿದ್ದರೆ ಕೊಂಡ ದಿನವೇ ಬದಲಾಯಿಸಬೇಕು.

1.3 ಪೆಟ್ರೋಲ್ ಸ್ವಿಫ್ಟ್ ಎಸ್ಟೀಮಿಗಿಂತ ನೂರು ಕಿಲೋಗೂ ಹೆಚ್ಚು ಭಾರ, ಆದರೆ ಅದರ ಬಾಡಿ ಹೆಚ್ಚು ಬಿಗಿಯಾಗಿದೆ. ತೆರಿಗೆಯ ಲಾಭಕ್ಕಾಗಿ 2010ರಲ್ಲಿ ಅದಕ್ಕೆ 1.2 ಲೀಟರಿನ ಎಂಜಿನ್ ಬಂದುದರಿಂದ 1.3ರ ಕಾರುಗಳು ಈಗ ಎಲ್ಲವೂ ಹಳೆಯವು, ಚೆನ್ನಾಗಿರುವುದು ಸಿಗುವುದು ಕಷ್ಟ. ಹೋಂಡಾ ಸಿಟಿಯ 1.5 ವಿಟೆಕ್ ಮೂಲರೂಪದಲ್ಲೇ 106 ಬಿಎಚ್‌ಪಿ ಕೊಡುವ ಅದ್ಭುತ ಎಂಜಿನ್, ಅದನ್ನು ಓಡಿಸಿದವರಿಗೆ ಬೇರೆಯದು ರುಚಿಸುವುದಿಲ್ಲ. ಆದರೆ ಅಷ್ಟು ಹಳೆಯ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟರೆ ಎಲ್ಲಿ ಹುಡುಕುವುದು ಎಂಬ ಚಿಂತೆ ನನ್ನನ್ನು ಹಿಂದಕ್ಕೆ ಎಳೆಯಿತು. ಫೋಕ್ಸ್‌ವ್ಯಾಗನ್ ಪೋಲೋ ಇವೆಲ್ಲಕ್ಕಿಂತ ಗಟ್ಟಿಯಾದ ಕಾರು, ಆದರೆ ಅದರ ಒಂದು ಅಪಘಾತದ ರಿಪೇರಿ ಖರ್ಚಿನಲ್ಲಿ ನಾನು ಇನ್ನೊಂದು ಎಸ್ಟೀಮ್ ಕೊಳ್ಳಬಹುದು. ಮಣ್ಣಿನ ರ‍್ಯಾಲಿಗೆ ಜಿಪ್ಸಿಯಷ್ಟು ನಂಬಿಕಸ್ಥ ವಾಹನ ಇನ್ನೊಂದಿಲ್ಲ, ಡಾಂಬರಿನ ಟ್ರ್ಯಾಕಿಗೆ ಅದರ ಎತ್ತರವೂ ಲೀಫ್ ಸ್ಪ್ರಿಂಗೂ ಹೊಂದುವುದಿಲ್ಲ. ಡೀಸೆಲ್ ಕಾರುಗಳನ್ನು ಮುಂಭಾಗದ ಭಾರದ ಕಾರಣಕ್ಕಾಗಿ ನಾನು ನೋಡಲೇ ಇಲ್ಲ.

ಕಾರು ಕೊಳ್ಳುವುದಕ್ಕಿಂತ ಮುಂಚೆ ಸ್ಪರ್ಧೆಯ ನಿಯಮಪುಸ್ತಕವನ್ನು ಓದಬೇಕು. ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಯನ್ನು ನಿಯಂತ್ರಿಸುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟ. ತರಗತಿಗಳನ್ನು ಎಂಜಿನ್ನಿನ ಸಿಸಿ ಮತ್ತು ಮಾರ್ಪಾಡಿನ ಪ್ರಮಾಣದ ಮೇಲೆ ವಿಂಗಡಿಸುವುದರಿಂದ, ಒಂದು ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಬದಲಾಯಿಸಿದ ಮಾತ್ರಕ್ಕೆ ನಿಮ್ಮ ಕಾರು ತನಗಿಂತ ಎಷ್ಟೋ ವೇಗದ ಕಾರುಗಳ ನಡುವೆ ಹೋಗಿ ನಿಲ್ಲಬಹುದು. ರ‍್ಯಾಲಿಯ ಆಸೆಯಿದ್ದವರು ಕಾರಿನ ಆರ್‌ಸಿ ಮತ್ತು ವಿಮೆ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಬೇಕು, ಏಕೆಂದರೆ ಹಂತದಿಂದ ಹಂತಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕಾಗುತ್ತದೆ. ಮಾರ್ಪಡಿಸಿದ ಕಾರನ್ನು ದಿನನಿತ್ಯ ಊರಿನಲ್ಲಿ ಓಡಿಸುವ ಯೋಚನೆಯನ್ನು ಮಾತ್ರ ದಯವಿಟ್ಟು ಬಿಡಿ. ತಯಾರಕರ ಮೂಲ ವಿವರಗಳನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಮೋಟಾರು ವಾಹನ ಕಾಯ್ದೆಯ ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ದಂಡಕ್ಕಿಂತ ದೊಡ್ಡ ಕಾರಣವೊಂದಿದೆ: ಪಡುಬಿದ್ರಿಯ ಹೆದ್ದಾರಿಯಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಾರೆ.

ನಮಗೆ ಹತ್ತಿರದ ಟ್ರ್ಯಾಕ್ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 400 ಕಿ.ಮೀ. ದೂರ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಸುಮಾರು 700 ಕಿ.ಮೀ. ಎರಡಕ್ಕೂ ಕಾರನ್ನು ಲಾರಿಯ ಮೇಲೆ ಒಯ್ಯಬೇಕು. ಆದ್ದರಿಂದ ನನ್ನ ನಾಲ್ಕು ಲಕ್ಷದ ಲೆಕ್ಕದಲ್ಲಿ ಕಾರಿನ ಬೆಲೆ ಒಂದು ಲಕ್ಷ ಮೀರಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ಉಳಿದದ್ದು ಕೇಜ್, ಸೀಟು, ಆರು ಬಿಂದುಗಳ ಬೆಲ್ಟು, ಅಗ್ನಿಶಾಮಕ, ಬ್ರೇಕು, ಟೈರು ಮತ್ತು ಸಾಗಾಟಕ್ಕೆ. ಎಂಜಿನ್ನಿಗೆ ಈ ವರ್ಷ ಹೊಸ ಬೆಲ್ಟು ಮತ್ತು ಆಯಿಲ್ ಬಿಟ್ಟರೆ ಏನೂ ಇಲ್ಲ.

ಹನ್ನೊಂದನೆಯ ಕಾರು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿತ್ತು. ಬಣ್ಣ ಮಾಸಿದ ಎಸ್ಟೀಮ್, ಬಾನೆಟ್ಟಿನ ಮೇಲೆ ಬೆಕ್ಕಿನ ಹೆಜ್ಜೆ, ಎಡಗಡೆಯ ಬಾಗಿಲಿಗೆ ಗೇಟು ತಾಗಿದ ನೆಗ್ಗು. ಮಲೆನಾಡಿನಲ್ಲೂ ಮಳೆ ಕಡಿಮೆಯೇನಲ್ಲ, ಆದರೆ ಅಲ್ಲಿ ಉಪ್ಪಿಲ್ಲ, ಕಾರು ಸೂರಿನಡಿಯಲ್ಲೇ ನಿಂತಿತ್ತು. ಕಾರ್ಪೆಟ್ ಎತ್ತಿದಾಗ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಹಾಗೆಯೇ ಇತ್ತು. ಎಪ್ಪತ್ತು ಸಾವಿರಕ್ಕೆ ಒಪ್ಪಿಕೊಂಡು, ಶಿರಾಡಿ ಘಾಟಿಯಲ್ಲಿ ಲಾರಿಯ ಮೇಲೆ ಇಳಿಸಿ ತಂದೆ. ಹೋದ ಶನಿವಾರ ಬಿ.ಸಿ. ರೋಡಿನ ಗ್ಯಾರೇಜಿನಲ್ಲಿ ಸೀಟುಗಳನ್ನು ಹೊರಗಿಟ್ಟು, ಆ ಹಿರಿಯರು ಕೇಜಿನ ಕಾಲುಗಳು ಬರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿದರು. ಒಂದೊಂದರ ಮೇಲೂ ಸುತ್ತಿಗೆಯಿಂದ ಎರಡೆರಡು ಬಾರಿ ತಟ್ಟಿ, ಕಿವಿಗೊಟ್ಟು ಕೇಳಿ, "ಗಟ್ಟಿ ಉಂಟು, ಸೋಮವಾರ ಪೈಪು ತರಿಸುವ" ಎಂದರು.