ಬೇಲಿಯ ಬುಡದ ಸಂದು: ಓಹಾಯವಾಯಿ ಟೇಬಲ್ ನಡೆಸುವವರಿಗೆ

ಪುಟ್ಟ ಸೈನಿಕ ಬೊಂಬೆಗಳಿಂದ ಹಳೆಯ ಕದನಗಳನ್ನು ಮೇಜಿನ ಮೇಲೆ ಆಡಿಸಿ ತೋರಿಸುವ ಡೆಮೊ ಟೇಬಲ್ ನಡೆಸುವ ಕೆಲಸದಲ್ಲಿ ಓಹಾಯವಾಯಿ ಕದನ ಕೈಗೆ ಬಂದರೆ ಮೊದಲು ಕೆಡುವುದು ಬೇಲಿ. 1845ರ ಜುಲೈ 1ರಂದು ನ್ಯೂಜಿಲೆಂಡಿನ ಉತ್ತರ ಭಾಗದಲ್ಲಿ ಬ್ರಿಟಿಷ್ ದಂಡಿನ ಕರ್ನಲ್ ಡೆಸ್ಪಾರ್ಡ್ ಸುಮಾರು 250 ಜನರನ್ನು ಅಲ್ಲಿನ ಮೂಲನಿವಾಸಿ ಮಾವೋರಿಗಳ ಕೋಟೆಯ ಮೇಲೆ ನೇರ ನುಗ್ಗಿಸಿದ. ಕೆಲವೇ ನಿಮಿಷಗಳಲ್ಲಿ ನಲವತ್ತರಷ್ಟು ಮಂದಿ ಸತ್ತರು, ಅದಕ್ಕೂ ಹೆಚ್ಚು ಜನ ಗಾಯಗೊಂಡರು, ದಂಡು ಹಿಂದೆ ಸರಿಯಿತು. ಒಳಗಿದ್ದವರು ನೂರರ ಆಸುಪಾಸು. ಮೇಜಿನ ಮೇಲೆ ಈ ಲೆಕ್ಕ ತಲೆಕೆಳಗಾದರೆ ದಾಳವನ್ನು ಬೈಯಬೇಡಿ, ಬೇಲಿ ನೋಡಿ.

ಪಾ ಎನ್ನುವ ಆ ಕೋಟೆಗೆ ಸುತ್ತಲೂ ಮರದ ಬೇಲಿಯ ಸಾಲುಗಳು. ಹೊರಗಿನದು ಪೆಕೆರಂಗಿ. ಅದಕ್ಕೆ ಹರಕೆಕೆ ಎಂಬ ಗಿಡದ ನಾರನ್ನು ದಪ್ಪಗೆ ಹೊದಿಸಿದ್ದರು. ಗುಂಡು ಅದರಲ್ಲೇ ಅಡಗುತ್ತಿತ್ತು, ಫಿರಂಗಿ ಎಷ್ಟು ಹಾನಿ ಮಾಡಿದೆ ಎಂದು ಹೊರಗಿನವರಿಗೆ ತಿಳಿಯುತ್ತಲೂ ಇರಲಿಲ್ಲ. ಆ ಸಾಲಿನ ಬುಡ ನೆಲಕ್ಕೆ ತಾಗುತ್ತಿರಲಿಲ್ಲ. ಒಳಗೆ ಕಂದಕದಲ್ಲಿ ನಿಂತವರು ಆ ಸಂದಿನಿಂದಲೇ ಕೋವಿ ಹಾರಿಸುತ್ತಿದ್ದರು. ಮೇಜಿಗೆ ಕೊಳ್ಳುವ ರೆಡಿಮೇಡ್ ಬೇಲಿಯಲ್ಲಿ ಈ ಸಂದು ಇರುವುದಿಲ್ಲ. ಆಗ ಆಟಗಾರರು ಮಿನಿಗಳನ್ನು (ಸೈನಿಕ ಬೊಂಬೆಗಳನ್ನು) ಬೇಲಿಯ ಮೇಲಿಂದ ಇಣುಕುವಂತೆ ನಿಲ್ಲಿಸುತ್ತಾರೆ, ಕೆಂಪಂಗಿಯ ಬ್ರಿಟಿಷ್ ಸೈನಿಕರು ಒಬ್ಬೊಬ್ಬರನ್ನೇ ಉದುರಿಸುತ್ತಾರೆ.

28 ಮಿ.ಮೀ. ಮಿನಿಗಳಿಗೆ ಬಿದಿರು ಕಡ್ಡಿಗಳನ್ನು 40 ಮಿ.ಮೀ.ಗೆ ಕತ್ತರಿಸಿ. ಎಲ್ಲವೂ ಒಂದೇ ಎತ್ತರ ಬೇಡ, ಎರಡು ಮೂರು ಮಿ.ಮೀ. ಏರುಪೇರಿದ್ದರೆ ಚೆಂದ. ಐದು ಕಡ್ಡಿಗೊಂದು ಮಾತ್ರ ನೆಲಕ್ಕೆ ಊರಲಿ, ಉಳಿದವು 5 ಮಿ.ಮೀ. ಮೇಲೆ ನಿಲ್ಲಲಿ. ಸೆಣಬಿನ ಹುರಿ ಬಿಚ್ಚಿ, ಎಳೆಗಳನ್ನು ಕಟ್ಟುಕಟ್ಟಾಗಿ ಅಂಟಿಸಿ. ಬಿಳಿ ಗೋಂದಿಗೆ ಸಮಪಾಲು ನೀರು ಬೆರೆಸಿ. ಗಟ್ಟಿ ಗೋಂದು ಹಚ್ಚಿದರೆ ನಾರು ಒಣಗಿ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ. ಮೇಜು ಅಗೆಯಲು ಬರುವುದಿಲ್ಲವಾದ್ದರಿಂದ ಪಾ ಇರುವ ಜಾಗಕ್ಕೆ 15 ಮಿ.ಮೀ. ಫೋಮ್ ಹಾಸಿ ಅದರಲ್ಲಿ ಕಂದಕ ಕೊರೆಯಿರಿ. ಅಗಲ 30 ಮಿ.ಮೀ. ಇರಲಿ. ಮಿನಿಯ ಕಾಲಡಿಯ 25 ಮಿ.ಮೀ. ಬೇಸ್ ಅದಕ್ಕಿಂತ ಕಿರಿದಾದ ಕಂದಕದಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದು ತೆಗೆಯುವಾಗ ಕೋವಿಯ ನಳಿಗೆ ಮುರಿಯುತ್ತದೆ.

ಇನ್ನು ಲೆಕ್ಕ. ನಾಲ್ಕಡಿ ಚೌಕದ ಮೇಜು, ಎಂಟು ಸುತ್ತು. ಪಾ ಒಳಗೆ 10 ಮಿನಿ, ನುಗ್ಗುವವರು 16, ಹಿಂದಿನಿಂದ ಗುಂಡು ಹಾರಿಸುವವರು 8. ಮಸ್ಕೆಟ್ ಕೋವಿಯ ಗುಂಡು ತಲುಪುವುದು 24 ಇಂಚು. 12ರ ಆಚೆ 5 ಅಥವಾ 6 ಬಿದ್ದರೆ ಪೆಟ್ಟು, ಈಚೆ 4 ಸಾಕು. ಒಮ್ಮೆ ಹಾರಿಸಿದರೆ ಮುಂದಿನ ಸುತ್ತು ಮದ್ದು ತುಂಬಲು ಹೋಯಿತು. ಕಂದಕದವರಿಗೆ 6 ಬಿದ್ದರೆ ಮಾತ್ರ ಪೆಟ್ಟು. ಸುತ್ತಿಗೆ 6 ಇಂಚಿನಂತೆ 18 ಇಂಚು ದಾಟಲು ಮೂರು ಸುತ್ತು ಬೇಕು. ಒಳಗಿನವರಲ್ಲಿ ಅರ್ಧದಷ್ಟು ಜನ ಸರದಿಯಂತೆ ಹಾರಿಸಿದರೂ ಅಷ್ಟರಲ್ಲಿ ಆರು ಮಂದಿ ಬೀಳುತ್ತಾರೆ. ಆಮೇಲೆ ಬೇಲಿ ಕಡಿಯಬೇಕು: ಕೊಡಲಿಯವರು ನಾಲ್ವರು, ತಲಾ ಒಂದು ದಾಳ, 5 ಮೇಲ್ಪಟ್ಟು ಮೂರು ಸಲ ಬಿದ್ದರೆ ಬಾಯಿ ತೆರೆಯುತ್ತದೆ. ಹೊಸಬರು ನಾಲ್ವರನ್ನೂ ಮುಂದಿನ ಸಾಲಿನಲ್ಲೇ ನಿಲ್ಲಿಸಿ ಬೇಲಿ ಮುಟ್ಟುವ ಮೊದಲೇ ಕಳೆದುಕೊಳ್ಳುತ್ತಾರೆ. ಆಡುವ ಮುಂಚೆ ಇದೊಂದನ್ನು ಬಾಯಿಬಿಟ್ಟು ಹೇಳಿಬಿಡಿ.

ಮಾವೋರಿ ನಾಯಕ ಹೋನೆ ಹೆಕೆಯ ಮಿನಿ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜೂನ್‌ನಲ್ಲೇ ಗಾಯಗೊಂಡಿದ್ದ ಹೆಕೆ ಅಲ್ಲಿರಲಿಲ್ಲ. ಒಳಗೆ ನಾಯಕತ್ವ ಕಾವಿಟಿ ಮತ್ತು ಪೆನೆ ತೌಯಿ ಅವರದು. ಬ್ರಿಟಿಷರ ಪರ ನಿಂತ ವಾಕಾ ನೆನೆಯೂ ಹೆಕೆಯಂತೆ ನ್ಗಾಪುಹಿ ಎಂಬ ಮಾವೋರಿ ಕುಲದವನೇ. ಆದ್ದರಿಂದ 'ಮಾವೋರಿ ಪಕ್ಷ', 'ಬ್ರಿಟಿಷ್ ಪಕ್ಷ' ಎಂದು ಚೀಟಿ ಅಂಟಿಸಿದರೆ ತಪ್ಪಾಗುತ್ತದೆ, ನಾಯಕರ ಹೆಸರೇ ಬರೆಯಿರಿ.

ಅಂಕ ಕೊಡುವಲ್ಲಿ ನಮ್ಮವರೇ ಎಡವುವುದುಂಟು. ಪಾ ಹಿಡಿದವನೇ ಗೆದ್ದ ಎಂದರೆ ಆಟ ಸುಳ್ಳಾಗುತ್ತದೆ. ಕೆಲ ದಿನಗಳ ನಂತರ ದಂಡು ಒಳಹೊಕ್ಕಾಗ ಕೋಟೆ ಖಾಲಿಯಿತ್ತು, ಇದ್ದವರು ರಾತ್ರಿಯಲ್ಲೇ ಸದ್ದಿಲ್ಲದೆ ಜಾಗ ಬಿಟ್ಟಿದ್ದರು. ಪಾ ಹೊಕ್ಕವರಿಗೆ 5 ಅಂಕ ಕೊಡಿ, ಬಿದ್ದ ಪ್ರತಿ ಕೆಂಪಂಗಿಗೆ ಒಂದು ಕಳೆಯಿರಿ. ಹಿಂಬದಿಯಿಂದ ಹೊರಬಿದ್ದ ಪ್ರತಿ ಮಾವೋರಿ ಮಿನಿಗೆ ಅವರಿಗೊಂದು ಅಂಕ. ಇಷ್ಟೇ ಬರೆದರೆ ಜಾಣ ಆಟಗಾರ ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಹೊರಗೆ ನಡೆಸಿ ಟೀ ಕುಡಿಯಲು ಹೋಗುತ್ತಾನೆ. ಹೊರಡುವುದು ಆರನೇ ಸುತ್ತಿನಿಂದ, ಸುತ್ತಿಗೆ ನಾಲ್ಕು ಮಿನಿ ಮಾತ್ರ ಎಂದು ಸೇರಿಸಿ. ಕೊನೆಯವರೆಗೆ ಕಂದಕದಲ್ಲಿ ಯಾರನ್ನು ಉಳಿಸಿಕೊಳ್ಳುವುದು ಎಂಬ ಚರ್ಚೆ ಆಗ ತಾನಾಗಿಯೇ ಶುರುವಾಗುತ್ತದೆ.