ಎಂಟು ಜನ ಬೇಕಾದ ಜ್ಯೋತಿ

2025ರ ದೀಪಾವಳಿಗೆ ಊರಿಗೆ ಹೋದಾಗ ಅಂಬಾರಗೊಡ್ಲಿನಿಂದ ಕಳಸವಳ್ಳಿಯವರೆಗಿನ ಶರಾವತಿ ಹಿನ್ನೀರನ್ನು ಕಾರಿನಲ್ಲಿ ಕೂತೇ ದಾಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿದ ಮೇಲೆ ತುಮರಿ ಸೀಮೆಯ ನಮಗೆ ಸಾಗರದ ಹಾದಿಯೆಂದರೆ ಲಾಂಚೇ ಆಗಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದ ಮೇಲೆ ಬಂದ ಮೊದಲ ದೀಪಾವಳಿ ಅದು. ಸಂಜೆಯ ಕೊನೆಯ ಲಾಂಚ್ ತಪ್ಪೀತೆಂದು ಸಾಗರದ ಬಸ್ ನಿಲ್ದಾಣದಲ್ಲಿ ಚಡಪಡಿಸುತ್ತಿದ್ದ ದಿನಗಳಲ್ಲೂ ನಾವು ಎಂಟು ಮಂದಿ ಗೆಳೆಯರು ಹಬ್ಬಕ್ಕೆ ಹೇಗೋ ಬಂದು ಸೇರುತ್ತಿದ್ದೆವು. ಈಗ ರಾತ್ರಿ ಯಾವ ಹೊತ್ತಿಗೆ ಬಂದರೂ ದಾರಿ ತೆರೆದಿದೆ; ಬಂದವನು ಮಾತ್ರ ನಾನೊಬ್ಬನೇ.

ಎಂಟು ಎಂಬ ಲೆಕ್ಕಕ್ಕೆ ಕಾರಣವಿದೆ. ಬಲಿಪಾಡ್ಯಮಿಯ ರಾತ್ರಿ ನಮ್ಮಲ್ಲಿ ಅಂಟಿಗೆ-ಪಂಟಿಗೆ ಹೊರಡುತ್ತದೆ. ದೇವಸ್ಥಾನದಲ್ಲಿ ಹಚ್ಚಿದ ಜ್ಯೋತಿಯನ್ನು ಹಿಡಿದು, ಬಲೀಂದ್ರನ ಪದಗಳನ್ನು ಹಾಡುತ್ತ, ಮನೆಯಿಂದ ಮನೆಗೆ, ಬೆಳಕು ಹರಿಯುವ ತನಕ ನಡೆಯಬೇಕು. ಮುಂದಾಳು ಒಂದು ಸೊಲ್ಲು ಹೇಳಿದರೆ ಉಳಿದವರು ಅದನ್ನು ಎತ್ತಿಕೊಂಡು ಹಾಡುವುದರಿಂದ ಅವನ ಉಸಿರಿಗೆ ಬಿಡುವು ಸಿಗುತ್ತದೆ. ಇಬ್ಬರು ಮೂವರಿದ್ದರೆ ನಾಲ್ಕನೆಯ ಮನೆಗೇ ಗಂಟಲು ಕಟ್ಟುತ್ತದೆ. ಜ್ಯೋತಿ ದಾರಿಯಲ್ಲಿ ಆರಬಾರದು, ನೆಲಕ್ಕೂ ಇಡಬಾರದು. ಗದ್ದೆ ಬದುವಿನ ಮೇಲೆ ಗಾಳಿ ಬೀಸಿದಾಗ ಗಾಳಿಯ ಕಡೆಗೆ ಬೆನ್ನು ಕೊಟ್ಟು ನಿಲ್ಲಲು ನಾಲ್ವರು ಬೇಕು. ಅಕ್ಕಿ, ತೆಂಗಿನಕಾಯಿಯ ಚೀಲ ಹೊರಲು ಒಬ್ಬ ಗಟ್ಟಿಗ ಬೇಕು. ನನಗೆ ಶ್ರುತಿಯ ಗಂಧವೇ ಇಲ್ಲದ್ದರಿಂದ ಎಣ್ಣೆಯ ಡಬ್ಬಿ ನನ್ನ ಪಾಲಿಗೆ ಬಂದಿತ್ತು, ಮತ್ತು ಆ ಹುದ್ದೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ನಾವು ಬರುವುದು ಮೊದಲು ನಾಯಿಗಳಿಗೆ ತಿಳಿಯುತ್ತಿತ್ತು. ಅವು ಬೊಗಳಿದ ಮೇಲೆ ಒಳಗೆ ದೀಪ ಹೊತ್ತುತ್ತಿತ್ತು, ಬಾಗಿಲು ತೆಗೆಯಿರೆಂಬ ಪದ ಮುಗಿಯುವಷ್ಟರಲ್ಲಿ ಮನೆಯೊಡತಿ ಎಣ್ಣೆ ತಂದು ನಮ್ಮ ಜ್ಯೋತಿಗೆ ಹೊಯ್ದು, ಅದರಿಂದಲೇ ತಮ್ಮ ಮನೆಯ ದೀಪವನ್ನು ಹಚ್ಚಿಕೊಳ್ಳುತ್ತಿದ್ದರು. ತೋಟದ ಕೊನೆಯ ಮನೆಯ ಅಮ್ಮನಂತೂ ನಡುರಾತ್ರಿಯಲ್ಲೂ ಬಿಸಿ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಸುಸ್ತಾಗಿ ಅವರ ಜಗಲಿಯಲ್ಲಿ ಒಬ್ಬರ ಭುಜಕ್ಕೊಬ್ಬರು ಒರಗಿ, ಮುಂದಾಳು ತಪ್ಪು ಹಾಡಿದ ಸೊಲ್ಲನ್ನು ನೆನೆದು ನಗುತ್ತಿದ್ದ ಆ ಹತ್ತು ನಿಮಿಷಕ್ಕಾಗಿಯೇ ನಾನು ವರ್ಷವಿಡೀ ಕಾಯುತ್ತಿದ್ದೆನೆಂದು ಈಗ ಅನ್ನಿಸುತ್ತದೆ.

ಗೆಳೆಯರನ್ನು ದೂರಲಾರೆ. ಆ ಸಲ ನರಕ ಚತುರ್ದಶಿ ಸೋಮವಾರ, ಪಾಡ್ಯ ಬುಧವಾರ. ನಡುವಿನ ಮಂಗಳವಾರವೂ ಗುರುವಾರವೂ ಬೆಂಗಳೂರಿನ ಕಚೇರಿಗಳಿಗೆ ಕೆಲಸದ ದಿನಗಳೇ. ರಾತ್ರಿಯಿಡೀ ನಡೆಯುವ ಹಬ್ಬಕ್ಕೆ ಮರುದಿನದ ರಜೆಯೂ ಬೇಕೆಂಬುದನ್ನು ಯಾವ ಮೇಲಧಿಕಾರಿಗೆ ವಿವರಿಸುವುದು? ಇಬ್ಬರು ವಿದೇಶದಲ್ಲಿದ್ದಾರೆ, ಒಬ್ಬನಿಗೆ ಮಂಡಿನೋವು, ಇನ್ನೊಬ್ಬನ ಮನೆಯಲ್ಲಿ ಎಳೆಗೂಸು. ಮುಂದಾಳು ಮಾತ್ರ ರಾತ್ರಿ ಹತ್ತಕ್ಕೆ ನಮ್ಮ ವಾಟ್ಸಾಪ್ ಗುಂಪಿಗೆ ಕರೆ ಮಾಡಿ ಮೊದಲ ಸೊಲ್ಲು ಎತ್ತಿದ. ಐದು ಕಡೆಗಳಿಂದ ಐದು ಹೊತ್ತಿಗೆ ಮರುಸೊಲ್ಲು ಬಂದು ಒಂದರ ಮೇಲೊಂದು ಬಿದ್ದು ಗೊಂದಲವಾಯಿತು. ಎಲ್ಲರೂ ನಕ್ಕರು, ಆಮೇಲೆ ಯಾರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ತೋಟದ ಕೊನೆಯ ಮನೆಗೆ ಹೋದೆ. ಜಗಲಿಯಲ್ಲಿ ಎಣ್ಣೆ ತುಂಬಿದ ಹಣತೆಯೊಂದು ಬತ್ತಿಯ ತುದಿ ಕರಕಾಗದೆ ಹಾಗೇ ಕೂತಿತ್ತು. ಅಮ್ಮ ಕಾಫಿ ಲೋಟ ಕೈಗಿಡುತ್ತ, ‘ರಾತ್ರಿ ನಾಯಿ ಬೊಗಳಿದಾಗಲೆಲ್ಲ ಎದ್ದು ಬಂದು ನೋಡಿದೆ ತಮ್ಮಾ’ ಎಂದರು.